ಹಲಕುಂದಿಯ ಅರಿವು ಕೇಂದ್ರಕ್ಕೊಂದು ಸ್ಕ್ರೀನ್ ಚೌಕಟ್ಟು

ಮನೆಯಲ್ಲೇ ಸ್ಕ್ರೀನ್ ಪ್ರಿಂಟಿಂಗ್ ಮಾಡುವ ಸಣ್ಣ ಕಿಟ್‌ಗಳು ಈಗ ಆನ್‌ಲೈನ್‌ನಲ್ಲಿ ಸಲೀಸಾಗಿ ಸಿಗುತ್ತವೆ. ಒಂದು ಚೌಕಟ್ಟು, ಅದಕ್ಕೆ ಬಿಗಿದ ತೆಳುವಾದ ಪಾಲಿಯೆಸ್ಟರ್ ಮೆಶ್, ರಬ್ಬರ್ ಅಂಚಿನ ಸ್ಕ್ವೀಜಿ, ಒಂದೆರಡು ಡಬ್ಬಿ ಇಂಕ್, ಬೆಳಕು ಬಿದ್ದರೆ ಗಟ್ಟಿಯಾಗುವ ಎಮಲ್ಷನ್, ಹೆಚ್ಚುಕಡಿಮೆ ಇಷ್ಟೇ ಸಾಮಾನು. ಮಾರುವವರು ಇದನ್ನು ಎರಡು ಮಾತು ಹೇಳಿ ಮಾರುತ್ತಾರೆ. ಬಿಡುವಿನ ವೇಳೆಗೆ ಒಳ್ಳೆಯ ಹವ್ಯಾಸ ಎಂಬುದು ಒಂದು, ಮನೆಯಲ್ಲಿ ಕೂತೇ ನಾಲ್ಕು ಕಾಸು ಸಂಪಾದಿಸಬಹುದು ಎಂಬುದು ಇನ್ನೊಂದು. ಹವ್ಯಾಸದ ಮಾತಿಗೆ ನನ್ನ ತಕರಾರಿಲ್ಲ. ಸಂಪಾದನೆಯ ಮಾತನ್ನು ನಂಬಿ ಮಾತ್ರ ಯಾರೂ ಕೈ ಸುಟ್ಟುಕೊಳ್ಳಬಾರದು. ಆದರೆ ಈ ಎರಡೂ ಅಳತೆಗೆ ಸಿಗದ ಮೂರನೆಯ ಉಪಯೋಗವೊಂದು ಈ ಸಾಮಾನಿಗಿದೆ. ಅಕ್ಷರ ಬರೆಯುವುದರಿಂದ ಹಿಡಿದು ಬಣ್ಣ ಒಣಗಿಸುವವರೆಗೆ ಒಂದು ಇಡೀ ಕೆಲಸವನ್ನು ಇದು ಒಬ್ಬರ ಕೈಗೇ ಕೊಡುತ್ತದೆ. ಕೆಲಸವೆಂದರೆ ತುಂಡು ತುಂಡು ಎಂದಾಗಿಹೋಗಿರುವ ಬಳ್ಳಾರಿಯಂಥ ಬಟ್ಟೆಯ ಊರಿನಲ್ಲಿ ಇದು ಸಣ್ಣ ಸಂಗತಿಯಲ್ಲ. ಹಾಗಾಗಿ ಈ ಕಿಟ್ ಮನೆಯ ಕಪಾಟಿಗಿಂತ ಮೊದಲು ಸರ್ಕಾರಿ ಪ್ರೌಢಶಾಲೆಗೆ, ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಬರಬೇಕು, ಅದಕ್ಕೆ ಸಾರ್ವಜನಿಕ ಹಣ ಖರ್ಚಾದರೂ ಸರಿಯೇ ಎಂಬುದು ನನ್ನ ವಾದ. ಬಳ್ಳಾರಿ ತಾಲ್ಲೂಕಿನ ಹಲಕುಂದಿಯನ್ನೇ ಎದುರಿಗೆ ಇಟ್ಟುಕೊಂಡು ಇದನ್ನು ವಿಚಾರ ಮಾಡಬಹುದು.

ಬಳ್ಳಾರಿಯ ಜೀನ್ಸ್ ದೇಶದ ಮಾರುಕಟ್ಟೆಗಳಲ್ಲಿ ಹೆಸರು ಮಾಡಿದೆ. ಆ ಹೆಸರಿನ ಹಿಂದಿರುವ ಕೆಲಸ ಮಾತ್ರ ಹತ್ತಾರು ಕೈಗಳಲ್ಲಿ ಹಂಚಿಹೋಗಿದೆ. ಬಟ್ಟೆ ಕತ್ತರಿಸುವವರು ಒಬ್ಬರು, ಜೇಬು ಹೊಲಿಯುವವರು ಇನ್ನೊಬ್ಬರು, ಗುಂಡಿ ಕೂರಿಸುವವರು, ದಾರ ಕತ್ತರಿಸುವವರು, ವಾಷಿಂಗ್ ಘಟಕದಲ್ಲಿ ಬಣ್ಣ ಇಳಿಸುವವರು, ಇಸ್ತ್ರಿ ಮಾಡಿ ಮಡಚುವವರು ಬೇರೆ ಬೇರೆ. ಕಾರ್ಖಾನೆಯಲ್ಲಷ್ಟೇ ಅಲ್ಲದೆ ಮನೆಗಳಲ್ಲಿ, ಸಣ್ಣ ಶೆಡ್ಡುಗಳಲ್ಲಿ ಪೀಸ್ ಲೆಕ್ಕದಲ್ಲಿ ಈ ಕೆಲಸ ನಡೆಯುತ್ತದೆ. ದೊಡ್ಡ ಪ್ರಮಾಣದಲ್ಲಿ ಅಗ್ಗದ ಪ್ಯಾಂಟು ತಯಾರಾಗಬೇಕಾದರೆ ಕೆಲಸ ಹೀಗೆ ಒಡೆಯಲೇಬೇಕು ಎಂಬುದನ್ನು ಒಪ್ಪುತ್ತೇನೆ. ಆದರೆ ಇದರ ಪರಿಣಾಮ ಮಕ್ಕಳ ಮೇಲೆ ಏನಾಗುತ್ತದೆ ಎಂಬುದನ್ನು ನಾವು ಯೋಚಿಸಿಲ್ಲ. ಮನೆಯಲ್ಲಿ ರಾಶಿ ಬಿದ್ದ ಜೇಬುಗಳನ್ನು ನೋಡಿ ಬೆಳೆದ ಹುಡುಗಿಗೆ ಬಟ್ಟೆ ಎಂದರೆ ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುವ ವಸ್ತು. ಅದನ್ನು ಹೀಗೇ ಮಾಡಬೇಕೆಂದು ಯಾರು ತೀರ್ಮಾನಿಸಿದರು, ಹಾಗೇಕೆ ತೀರ್ಮಾನಿಸಿದರು ಎಂಬ ಪ್ರಶ್ನೆ ಆ ರಾಶಿಯೊಳಗಿಂದ ಹುಟ್ಟುವುದು ಕಷ್ಟ. 2023ರ ವಿಧಾನಸಭಾ ಚುನಾವಣೆಯ ಪ್ರಚಾರದಲ್ಲಿ ಬಳ್ಳಾರಿಗೆ 5,000 ಕೋಟಿ ರೂಪಾಯಿಯ ಜೀನ್ಸ್ ಪಾರ್ಕ್ ಭರವಸೆ ಸಿಕ್ಕಿತು. ಅದರ ಸುತ್ತ ನಡೆಯುವ ಚರ್ಚೆಯೆಲ್ಲ ಜಮೀನು, ನೀರು, ಯಂತ್ರ, ಸಬ್ಸಿಡಿಯದು. ಆ ಪಾರ್ಕಿನಲ್ಲಿ ವಿನ್ಯಾಸ ಮಾಡುವ ಕುರ್ಚಿಯಲ್ಲಿ ಬಳ್ಳಾರಿ ಸೀಮೆಯ ಮಕ್ಕಳು ಕೂರಬೇಕಾದರೆ ಅವರು ಎಲ್ಲಿ, ಯಾವ ವಯಸ್ಸಿನಲ್ಲಿ ಕಲಿಕೆ ಶುರುಮಾಡಬೇಕು ಎಂಬ ಪ್ರಶ್ನೆ ಬದಿಗೆ ಉಳಿದಿದೆ.

ಇನ್ನು ಚೌಕಟ್ಟಿನ ಹತ್ತಿರಕ್ಕೇ ಹೋಗೋಣ. ಮೊದಲ ಸಲ ಕೈ ಹಾಕುವವರು ಎಮಲ್ಷನ್ ಮುಟ್ಟುವ ಮೊದಲು ಕಾಗದದ ಕೊರೆಯಚ್ಚಿನಿಂದ ಶುರುಮಾಡುವುದು ಒಳ್ಳೆಯದು. 'ಹಲಕುಂದಿ' ಎಂದು ದಪ್ಪಗೆ ಬರೆದು ಬ್ಲೇಡಿನಿಂದ ಕೊರೆದರೆ ಮೊದಲ ತೊಡಕು ಸೊನ್ನೆಯಲ್ಲಿ ಎದುರಾಗುತ್ತದೆ. ಅದರ ಒಳಗಿನ ಬಿಲ್ಲೆ ಉದುರಿಹೋಗಿ, ಅಚ್ಚಿನಲ್ಲಿ ಸೊನ್ನೆಯ ಬದಲು ಬಣ್ಣದ ಗಟ್ಟಿ ಚುಕ್ಕೆ ಮೂಡುತ್ತದೆ. 'ದಿ'ಯ ನೆತ್ತಿಯ ಮೇಲಿನ ಗುಡಿಸಿಗೂ ಅದೇ ಗತಿ. ದುಂಡಗಿನ, ಒಳಗೇ ಮುಚ್ಚಿಕೊಳ್ಳುವ ಸುರುಳಿಗಳು ಎಷ್ಟೊಂದಿರುವ ನಮ್ಮ ಲಿಪಿಯಲ್ಲಿ ಇದು ಹೆಜ್ಜೆಹೆಜ್ಜೆಗೂ ಬರುವ ಸಮಸ್ಯೆ. ಜಪಾನಿನಲ್ಲಿ ಕಟಗಾಮಿ ಎಂಬ ಕಾಗದದ ಕೊರೆಯಚ್ಚು ಮಾಡುವ ಕುಶಲಕರ್ಮಿಗಳು ಹೀಗೆ ಉದುರುವ ತುಂಡುಗಳನ್ನು ಕೂದಲೆಳೆ, ರೇಷ್ಮೆ ಎಳೆಗಳಿಂದ ಕಟ್ಟಿ ಹಿಡಿದಿಟ್ಟಿದ್ದರು. ಆ ಎಳೆಗಳನ್ನು ಇಡೀ ಚೌಕಟ್ಟಿಗೆ ಹರಡಿದರೆ ಅದೇ ಸ್ಕ್ರೀನ್. 1907ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಸ್ಯಾಮ್ಯುಯೆಲ್ ಸೈಮನ್ ರೇಷ್ಮೆ ಬಟ್ಟೆಯ ಸ್ಕ್ರೀನಿಗೆ ಪೇಟೆಂಟ್ ಪಡೆದರು. ಉದುರಿದ ಬಿಲ್ಲೆಯನ್ನು ಮೆಶ್ ಕೆಳಗೆ ಅದರ ಜಾಗದಲ್ಲಿಟ್ಟು ಮೊದಲ ಸಲ ಸ್ಕ್ವೀಜಿ ಎಳೆದಾಗ ಇಂಕಿನ ಅಂಟಿಗೆ ಅದು ಅಲ್ಲೇ ಕೂರುತ್ತದೆ, ಎರಡನೆಯ ಅಚ್ಚಿನಿಂದ ಸೊನ್ನೆ ಸೊನ್ನೆಯಾಗಿಯೇ ಬರುತ್ತದೆ. ಈ ಬಲೆ ಇಲ್ಲಿ ಏಕಿದೆ ಎಂಬುದಕ್ಕೆ ಪಾಠ ಬೇಕಾಗುವುದಿಲ್ಲ. ತಂತ್ರವೊಂದು ಯಾವ ಕಷ್ಟಕ್ಕೆ ಉತ್ತರವಾಗಿ ಹುಟ್ಟಿತೋ ಆ ಕಷ್ಟವನ್ನೇ ಮೊದಲು ಎದುರಿಸಿ, ಆಮೇಲೆ ತಂತ್ರದ ಕಡೆಗೆ ಬರುವ ಇಂಥ ಅವಕಾಶ ಶಾಲೆಯ ಪುಸ್ತಕಗಳಲ್ಲಿ ಬಲು ಅಪರೂಪ.

ಎಮಲ್ಷನ್ ಹಂತಕ್ಕೆ ಬಂದರೆ ಪಾಠ ಇನ್ನೂ ಆಳಕ್ಕೆ ಇಳಿಯುತ್ತದೆ. ಮೆಶ್‌ಗೆ ತೆಳ್ಳಗೆ ಎಮಲ್ಷನ್ ಬಳಿದು ಕತ್ತಲೆಯಲ್ಲಿ ಒಣಗಿಸಬೇಕು. ಪಾರದರ್ಶಕ ಹಾಳೆಯ ಮೇಲೆ ಕಪ್ಪಗೆ ಬರೆದ ಪಾಸಿಟಿವನ್ನು ಅದರ ಮೇಲಿಟ್ಟು, ಗಾಜು ಹೇರಿ ಬಿಸಿಲಿಗೆ ಒಡ್ಡಬೇಕು. ಬೆಳಕು ಬಿದ್ದ ಕಡೆ ಎಮಲ್ಷನ್ ಗಟ್ಟಿಯಾಗುತ್ತದೆ. ಕಪ್ಪು ಅಕ್ಷರದ ನೆರಳಿನಲ್ಲಿದ್ದ ಭಾಗ ಮೆತ್ತಗೇ ಉಳಿದು ನೀರಿಗೆ ತೊಳೆದುಹೋಗುತ್ತದೆ, ಅಲ್ಲಿ ಇಂಕಿಗೆ ದಾರಿ ತೆರೆಯುತ್ತದೆ. ಬಳ್ಳಾರಿಯ ಬಿಸಿಲಿಗೆ ಇದು ಕೆಲವೇ ನಿಮಿಷದ ಮಾತು. ಹೊತ್ತು ಹೆಚ್ಚಾದರೆ ಅಕ್ಷರ ತೆರೆಯುವುದೇ ಇಲ್ಲ, ಕಡಿಮೆಯಾದರೆ ತೊಳೆಯುವಾಗ ಎಲ್ಲವೂ ಕಿತ್ತುಬರುತ್ತದೆ. ಮೆಶ್ ಆಯ್ಕೆಯೂ ಅಷ್ಟೇ ಮುಖ್ಯ. ಬಟ್ಟೆಗೆ ಸಾಮಾನ್ಯವಾಗಿ ಬಳಸುವುದು ಸೆಂಟಿಮೀಟರಿಗೆ 43 ಎಳೆಗಳಿರುವ ಮೆಶ್. ಅದರಲ್ಲಿ ದೊಡ್ಡ ಅಕ್ಷರ ಚೆನ್ನಾಗಿಯೇ ಬರುತ್ತದೆ, ಆದರೆ 'ಬಳ್ಳಾರಿ' ಎಂದು ಸಣ್ಣದಾಗಿ ಬರೆದರೆ ಕೆಳಗಿನ ಒತ್ತಕ್ಷರ ಇಂಕು ತುಂಬಿ ಕಲಸಿಹೋಗುತ್ತದೆ. ಸಣ್ಣ ಒತ್ತು ಬಿಡಿಸಿ ಕಾಣಬೇಕಾದರೆ 77 ಎಳೆಯದೋ ಅದಕ್ಕಿಂತ ಒತ್ತಾದದ್ದೋ ಮೆಶ್ ಬೇಕು. ಆಗ ಇಳಿಯುವ ಇಂಕಿನ ಪ್ರಮಾಣ ಕಡಿಮೆಯಾಗಿ ದಪ್ಪ ಬಟ್ಟೆಯ ಮೇಲೆ ಬಣ್ಣ ಪೇಲವವಾಗುತ್ತದೆ. ಹೀಗೆ ಒಂದನ್ನು ಗಳಿಸಲು ಇನ್ನೊಂದನ್ನು ಬಿಡಬೇಕಾದ ಲೆಕ್ಕಾಚಾರವೇ ವಿನ್ಯಾಸ ಎಂಬುದು. ಮೆಶ್ ಹಿಡಿದು ಕೂತ ಒಂದು ಮಧ್ಯಾಹ್ನದಲ್ಲಿ ಅದು ಕೈಗೆ ಹತ್ತುತ್ತದೆ.

ಆಮೇಲೆ ಬರುವುದು ಅಚ್ಚು ಹಾಕುವ ಕೆಲಸ. ಮೊದಲನೆಯ ಪ್ರತಿ ಚೆನ್ನಾಗಿ ಬಂದರೆ ಖುಷಿಯೇನೋ ಆಗುತ್ತದೆ. ಆದರೆ ಕೈಕಸುಬಿನ ನಿಜವಾದ ಪರೀಕ್ಷೆ ಇಪ್ಪತ್ತನೆಯ ಪ್ರತಿ. ಸ್ಕ್ವೀಜಿಯನ್ನು ಓರೆಯಾಗಿ ಹಿಡಿದು ಒಂದೇ ಸಮನಾದ ಒತ್ತಡದಲ್ಲಿ ಎಳೆಯಬೇಕು. ಮೆಶ್‌ಗೂ ಬಟ್ಟೆಗೂ ನಡುವೆ ತುಸು ಅಂತರ ಬಿಟ್ಟಿರಬೇಕು, ಇಲ್ಲದಿದ್ದರೆ ಎತ್ತುವಾಗ ಅಂಚು ಒರೆಸಿದಂತಾಗುತ್ತದೆ. ಒಂದು ಅಚ್ಚಿಗೂ ಮುಂದಿನದಕ್ಕೂ ನಡುವೆ ತಡವಾದರೆ ನೀರಿನ ಇಂಕು ಮೆಶ್ ಕಣ್ಣುಗಳಲ್ಲೇ ಒಣಗಿಬಿಡುತ್ತದೆ. ಬಳ್ಳಾರಿಯ ಬೇಸಿಗೆ 40 ಡಿಗ್ರಿ ದಾಟಿದ ದಿನಗಳಲ್ಲಂತೂ ಮಾತಾಡುತ್ತ ನಿಂತಷ್ಟು ಹೊತ್ತು ಸಾಕು. ಮೊದಲ ಸಲದವರ ಹಾಳೆಗಳಲ್ಲಿ ಅರ್ಧಕ್ಕರ್ಧ ಕೆಡುತ್ತವೆ ಎಂದಿಟ್ಟುಕೊಳ್ಳಿ. ನನ್ನ ವಾದದ ಗಂಟು ಇಲ್ಲೇ ಇದೆ. ಪೀಸ್ ಲೆಕ್ಕದ ಕೂಲಿಯಲ್ಲಿ ಕೆಡಿಸುವುದಕ್ಕೆ ಅವಕಾಶವೇ ಇಲ್ಲ, ಯಾಕೆಂದರೆ ಕೆಟ್ಟ ಪೀಸಿಗೆ ಕಾಸು ಹುಟ್ಟುವುದಿಲ್ಲ. ಅಲ್ಲಿ ಬದುಕಿರುವುದು ಗೊತ್ತಿರುವುದನ್ನೇ ಬೇಗ ಬೇಗ ಮಾಡುವುದರ ಮೇಲೆ. ಸಣ್ಣ ಕಿಟ್‌ನಲ್ಲಿ ಕೆಡುವುದು ಒಂದು ಹಾಳೆ, ಒಂದು ಚಮಚ ಇಂಕು. ಜೀನ್ಸ್ ಹೊಲಿಯುವ ಕಡೆಗಳಲ್ಲಿ ಬೀಳುವ ಕಟಿಂಗ್ ಚಿಂದಿಯ ಮೇಲೆ ಅಚ್ಚು ಹಾಕಿದರೆ ಬಟ್ಟೆಯ ಖರ್ಚೂ ಇಲ್ಲ. ಏನು ತಪ್ಪಾಯಿತು, ಒತ್ತಡದ್ದೋ, ಇಂಕಿನ ಹದದ್ದೋ, ಬಿಸಿಲಿನದ್ದೋ ಎಂದು ಹಿಂದೆ ಹಿಂದೆ ಹೋಗಿ ಹುಡುಕಬಹುದು, ಏಕೆಂದರೆ ಎಲ್ಲ ಹಂತಗಳೂ ಅದೇ ಕೈಯಲ್ಲಿ ಆಗಿವೆ. ಕಾರಣ ಹುಡುಕುವ ಈ ಅಭ್ಯಾಸ ಬೆಳೆದವರು ನಾಳೆ ಯಾವ ಕಾರ್ಖಾನೆಗೆ ಹೋದರೂ ಅದನ್ನು ಜೊತೆಗೆ ಒಯ್ಯುತ್ತಾರೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಹೊಟ್ಟೆಪಾಡಿನದು. ಬಡವರ ಮಕ್ಕಳಿಗೆ ಸಂಪಾದನೆಯ ದಾರಿ ತೋರಿಸದ ಕಲಿಕೆ ಯಾತಕ್ಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಲೆಕ್ಕ ನೋಡಿ. ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಒಂದು ಬಣ್ಣಕ್ಕೆ ಒಂದು ಸ್ಕ್ರೀನ್ ಬೇಕು. ಸ್ಕ್ರೀನ್ ತಯಾರಿಸುವ ಶ್ರಮ ಒಂದು ಪ್ರತಿಗೂ ಅಷ್ಟೇ, ಐನೂರು ಪ್ರತಿಗೂ ಅಷ್ಟೇ. ಐನೂರರ ಆರ್ಡರ್ ಹಿಡಿಯುವ ಅಂಗಡಿಯ ಎದುರು ಅಡುಗೆಮನೆಯ ಮೇಜಿನ ಮೇಲಿನ ಕಿಟ್ ನಿಲ್ಲುವುದಿಲ್ಲ. ಒಂದೇ ಒಂದು ಟೀ ಶರ್ಟ್ ಬೇಕೆನ್ನುವವರಿಗೆ ಡಿಟಿಎಫ್ (ಡೈರೆಕ್ಟ್ ಟು ಫಿಲ್ಮ್) ಯಂತ್ರ ನಿಮಿಷಗಳಲ್ಲಿ ಬಣ್ಣಬಣ್ಣದ ಫೋಟೋವನ್ನೇ ಅಂಟಿಸಿ ಕೊಡುತ್ತದೆ. ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ ಸಾಲ ಕೊಡಿಸಿ ಇಂಥ ಕಿಟ್ ಹಂಚಿದರೆ ಸಾಲ ಉಳಿಯುತ್ತದೆ, ಗಿರಾಕಿ ಬರುವುದಿಲ್ಲ. ಆದ್ದರಿಂದಲೇ ಇದನ್ನು ಗೃಹೋದ್ಯಮದ ಯೋಜನೆಯನ್ನಾಗಿ ಮಾಡಬೇಡಿ ಎನ್ನುತ್ತಿದ್ದೇನೆ. ಶಾಲೆಯ ಪ್ರಯೋಗಾಲಯದ ಸೂಕ್ಷ್ಮದರ್ಶಕದಿಂದ ಯಾರೂ ಸಂಪಾದನೆ ನಿರೀಕ್ಷಿಸುವುದಿಲ್ಲ. ಈ ಚೌಕಟ್ಟನ್ನು ಆ ಸಾಲಿನಲ್ಲೇ ಇಡಬೇಕು.

ಮನೆಯೊಳಗಿನ ಅಚ್ಚಿನ ಕಾಲ ಮುಗಿದಿದೆ ಎಂಬುದು ಎರಡನೆಯ ಆಕ್ಷೇಪ. ಇದಕ್ಕೆ ಜಪಾನಿನಿಂದಲೇ ಪುರಾವೆ ಕೊಡಬಹುದು. ರಿಸೋ ಕಂಪನಿಯ ನೊಬೊರು ಹಯಾಮ 1977ರಲ್ಲಿ 'ಪ್ರಿಂಟ್ ಗೊಕ್ಕೊ' ಎಂಬ ಪುಟ್ಟ ಸ್ಕ್ರೀನ್ ಪ್ರಿಂಟಿಂಗ್ ಪೆಟ್ಟಿಗೆಯನ್ನು ಮಾರುಕಟ್ಟೆಗೆ ತಂದರು. ಇಂಗಾಲವಿರುವ ಶಾಯಿಯಲ್ಲಿ ಬರೆದ ಚಿತ್ರ, ಫ್ಲ್ಯಾಶ್ ಬಲ್ಬಿನ ಕ್ಷಣಮಾತ್ರದ ಬಿಸಿ, ಅಷ್ಟರಲ್ಲೇ ಸ್ಕ್ರೀನ್ ತಯಾರು. ಹೊಸವರ್ಷದ ಶುಭಾಶಯ ಪತ್ರಗಳನ್ನು ಮನೆಮಂದಿಯೆಲ್ಲ ಕೂತು ಅಚ್ಚು ಹಾಕಿಕೊಳ್ಳುವುದು ಅಲ್ಲಿ ವಾಡಿಕೆಯೇ ಆಯಿತು. 1 ಕೋಟಿಗೂ ಹೆಚ್ಚು ಪೆಟ್ಟಿಗೆಗಳು ಮಾರಾಟವಾದವು. ಕಂಪ್ಯೂಟರು, ಇಂಕ್‌ಜೆಟ್ ಪ್ರಿಂಟರುಗಳು ಮನೆಗೆ ಬಂದ ಮೇಲೆ ಬೇಡಿಕೆ ಕುಸಿದು 2008ರಲ್ಲಿ ತಯಾರಿಕೆ ನಿಂತಿತು. ಇಲ್ಲಿಂದ ಕೈಯಚ್ಚು ಸತ್ತಿತು ಎಂಬ ತೀರ್ಮಾನಕ್ಕೆ ಬರುವುದು ಆತುರ. ಸತ್ತದ್ದು ಶುಭಾಶಯ ಪತ್ರದ ಯಂತ್ರ, ಏಕೆಂದರೆ ಆ ಕೆಲಸವನ್ನು ಪ್ರಿಂಟರ್ ಇನ್ನೂ ಸುಲಭವಾಗಿ ಮಾಡಿತು. ಮನೆಯ ಇಂಕ್‌ಜೆಟ್‌ಗೆ ಕಡು ನೀಲಿ ಡೆನಿಮ್ ಮೇಲೆ ಬಿಳಿ ಅಕ್ಷರ ಮೂಡಿಸಲು ಬಾರದು. ಅದರ ಇಂಕು ತೆಳು, ಕೆಳಗಿನ ಬಣ್ಣವನ್ನು ಮುಚ್ಚುವ ಶಕ್ತಿ ಅದಕ್ಕಿಲ್ಲ. ಸ್ಕ್ರೀನ್ ಇಳಿಸುವ ಇಂಕಿಗೆ ಆ ದಪ್ಪವಿದೆ. ಡೆನಿಮ್ ಚಿಂದಿ ಬೇಕಾದಷ್ಟು ಸಿಗುವ ಊರಿಗೆ ಇದು ಗಮನಿಸಬೇಕಾದ ವ್ಯತ್ಯಾಸ. ಅದಕ್ಕಿಂತ ಮಿಗಿಲಾಗಿ, ಪ್ರಿಂಟರಿನಲ್ಲಿ ಗುಂಡಿ ಒತ್ತಿದವರಿಗೆ ಒಳಗೆ ಏನಾಯಿತೆಂಬುದು ಗೊತ್ತಾಗುವುದಿಲ್ಲ. ಕಲಿಕೆಯ ದೃಷ್ಟಿಯಿಂದ ಪ್ರಿಂಟರ್ ಈ ಚೌಕಟ್ಟಿನ ಜಾಗವನ್ನು ತುಂಬಿಯೇ ಇಲ್ಲ.

ಮೂರನೆಯ ಆಕ್ಷೇಪ ಇವೆರಡಕ್ಕಿಂತ ಗಂಭೀರವಾದದ್ದು, ಅದನ್ನು ಹಗುರವಾಗಿ ದಾಟಿಹೋಗುವುದು ಅಪ್ರಾಮಾಣಿಕತೆಯಾಗುತ್ತದೆ. ಹಳ್ಳಿಯ ಸರ್ಕಾರಿ ಶಾಲೆಯ ಮಕ್ಕಳಿಗೆ ಕೈಕೆಲಸ, ಪೇಟೆಯ ಖಾಸಗಿ ಶಾಲೆಯ ಮಕ್ಕಳಿಗೆ ಕೋಡಿಂಗ್ ಎಂದರೆ ಹಳೆಯ ಜಾತಿವಿಭಜನೆಯನ್ನೇ ಹೊಸ ಬಟ್ಟೆಯಲ್ಲಿ ಸುತ್ತಿ ಕೊಟ್ಟಂತಲ್ಲವೆ? ಈ ಅನುಮಾನಕ್ಕೆ ಇತಿಹಾಸದ ಆಧಾರವಿದೆ. 1937ರಲ್ಲಿ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಮುಂದಿಟ್ಟ ಮೂಲಶಿಕ್ಷಣದಲ್ಲಿ ಕೈಕಸುಬೇ ಕಲಿಕೆಯ ನಡುಗಂಬವಾಗಿತ್ತು. 1953ರಲ್ಲಿ ಮದ್ರಾಸ್ ರಾಜ್ಯದಲ್ಲಿ ರಾಜಾಜಿ ಸರ್ಕಾರ ಮಕ್ಕಳು ಅರ್ಧ ಹೊತ್ತು ಶಾಲೆಯಲ್ಲಿದ್ದು ಉಳಿದ ಹೊತ್ತು ಮನೆಯ ಕಸುಬು ಕಲಿಯಲಿ ಎಂಬ ಯೋಜನೆಯನ್ನು ತಂದಿತು. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು ಅದೇ ವರ್ಷದ ಅಕ್ಟೋಬರ್ 1ರಂದು, ಯೋಜನೆ ಶುರುವಾದಾಗ ಇನ್ನೂ ಮದ್ರಾಸಿನಲ್ಲೇ ಇತ್ತು. ಅಪ್ಪನ ಕಸುಬನ್ನೇ ಮಗನಿಗೆ ಕಟ್ಟುವ ಈ ಯೋಜನೆಯನ್ನು ಪೆರಿಯಾರ್ ಮತ್ತು ದ್ರಾವಿಡ ಚಳವಳಿಯವರು ಕುಲಕಸುಬಿನ ಶಿಕ್ಷಣವೆಂದು ಕರೆದು ಕಟುವಾಗಿ ವಿರೋಧಿಸಿದರು. 1954ರಲ್ಲಿ ಕಾಮರಾಜ್ ಮುಖ್ಯಮಂತ್ರಿಯಾದ ಮೇಲೆ ಅದು ರದ್ದಾಯಿತು. ಆ ವಿರೋಧ ನೂರಕ್ಕೆ ನೂರು ಸರಿಯಾಗಿತ್ತು ಎಂದೇ ನನ್ನ ಅಭಿಪ್ರಾಯ. ಶಾಲೆಗೆ ಬರುವ ಮಗುವನ್ನು ಹುಟ್ಟಿನ ಕಸುಬಿಗೆ ವಾಪಸ್ ಕಳಿಸುವ ಯಾವ ಕೈಕೆಲಸವೂ ನಮಗೆ ಬೇಡ.

ಆದರೆ ಸ್ಕ್ರೀನ್ ಪ್ರಿಂಟಿಂಗ್ ಯಾರ ಹುಟ್ಟಿನ ಕಸುಬು? ನಮ್ಮಲ್ಲಿ ನೇಯುವುದಕ್ಕೆ, ಬಣ್ಣ ಅದ್ದುವುದಕ್ಕೆ, ಚರ್ಮ ಹದಮಾಡುವುದಕ್ಕೆ, ಮಡಕೆಗೆ, ಕಬ್ಬಿಣಕ್ಕೆ ಎಲ್ಲಕ್ಕೂ ಜಾತಿಯ ಗುರುತು ಅಂಟಿಕೊಂಡಿದೆ. ಬಳ್ಳಾರಿಗೆ ದೂರವಲ್ಲದ ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಕಾರ ಮನೆತನಗಳ ಮಗ್ಗದಿಂದ ಬಂದದ್ದು. ಭೌಗೋಳಿಕ ಗುರುತು ಪಡೆದಿರುವ ಇದೇ ಜಿಲ್ಲೆಯ ಸಂಡೂರಿನ ಲಂಬಾಣಿ ಕಸೂತಿ ಆ ಸಮುದಾಯದ ಹೆಣ್ಣುಮಕ್ಕಳ ಕೈಯದ್ದು. ಅವುಗಳ ಗೌರವ ದೊಡ್ಡದು, ಆದರೆ ಅವುಗಳಲ್ಲಿ ಮಾಡುವವರು ಯಾರೆಂಬ ಪ್ರಶ್ನೆ ಸದಾ ಬೆರೆತಿರುತ್ತದೆ. ಸ್ಕ್ರೀನ್ ಪ್ರಿಂಟಿಂಗ್ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ನಮ್ಮ ಊರುಗಳಲ್ಲಿ ಇದನ್ನು ಕಲಿತವರು ಲಗ್ನಪತ್ರಿಕೆ, ಸ್ಟಿಕ್ಕರ್, ಬಟ್ಟೆ ಬ್ಯಾನರ್, ಚುನಾವಣೆಯ ಬಾವುಟ ಅಚ್ಚು ಹಾಕುವ ಅಂಗಡಿಗಳಲ್ಲಿ ಕೆಲಸಕ್ಕೆ ಸೇರಿ ಕಲಿತವರು, ಹಲವು ಜಾತಿ ಮತಗಳಿಂದ ಬಂದವರು. ಇದಕ್ಕೆ ಕುಲದೇವರಿಲ್ಲ, ಕೇರಿಯಿಲ್ಲ, ಯಾವ ಅಪ್ಪನೂ ಮಗನಿಗೆ ಬಿಟ್ಟುಹೋಗಲೇಬೇಕಾದ ಹಂಗಿಲ್ಲ. ಕೈಕೆಲಸವನ್ನು ಹುಟ್ಟಿನಿಂದ ಬಿಡಿಸಿ ನೋಡುವುದನ್ನು ಶಾಲೆ ಕಲಿಸಬೇಕಾದರೆ ಹುಟ್ಟಿನ ಗುರುತಿಲ್ಲದ ಕೈಕೆಲಸವನ್ನೇ ಆರಿಸಿಕೊಳ್ಳಬೇಕು. ಅಂಥವು ನಮ್ಮಲ್ಲಿ ಕಡಿಮೆ. ಜೊತೆಗೆ ಒಂದು ಷರತ್ತು: ಇದು ಸರ್ಕಾರಿ ಶಾಲೆಗೆಷ್ಟೋ ಖಾಸಗಿ ಶಾಲೆಗೂ ಅಷ್ಟೇ ಇರಬೇಕು, ಗಣಿತ ವಿಜ್ಞಾನದ ಒಂದು ತಾಸನ್ನೂ ಕಸಿಯಬಾರದು. ಆಕ್ಷೇಪದಲ್ಲಿರುವ ಸತ್ಯವನ್ನು ಈ ಷರತ್ತಿಲ್ಲದೆ ಗೌರವಿಸಿದಂತಾಗುವುದಿಲ್ಲ.

ನೀರಿನ ಪ್ರಶ್ನೆಯನ್ನು ಬಳ್ಳಾರಿಯಲ್ಲಿ ಎತ್ತದೆ ಇರಲಾಗುವುದಿಲ್ಲ. ಜೀನ್ಸ್ ವಾಷಿಂಗ್ ಘಟಕಗಳ ಬಣ್ಣದ ನೀರು ಇಲ್ಲಿನ ಹಳೆಯ ತಲೆನೋವು. ಹೀಗಿರುವಾಗ ಶಾಲೆಗೂ ರಾಸಾಯನಿಕ ತರುವುದೇ ಎಂದು ಕೇಳಿದರೆ, ಎಚ್ಚರಿಕೆ ಬೇಕೇ ಬೇಕು. ಹಳೆಯ ಪದ್ಧತಿಯಲ್ಲಿ ಎಮಲ್ಷನ್‌ಗೆ ಬೆರೆಸುವ ಡೈಕ್ರೋಮೇಟ್ ಪುಡಿಯಲ್ಲಿ ಕ್ಯಾನ್ಸರ್‌ಕಾರಕವಾದ ಹೆಕ್ಸಾವೇಲೆಂಟ್ ಕ್ರೋಮಿಯಂ ಇದೆ. ಅದು ಮಕ್ಕಳ ಹತ್ತಿರ ಸುಳಿಯಲೂ ಬಾರದು. ಪ್ಲಾಸ್ಟಿಸಾಲ್ ಇಂಕು ಪಿವಿಸಿಯದು, ಅದೂ ಬೇಡ. ಡಯಾಜೋ ಅಥವಾ ಫೋಟೋಪಾಲಿಮರ್ ಎಮಲ್ಷನ್, ನೀರು ಆಧಾರಿತ ಪಿಗ್ಮೆಂಟ್ ಇಂಕು, ಬಣ್ಣ ಕೂರಿಸಲು ಇಸ್ತ್ರಿಪೆಟ್ಟಿಗೆ, ಇಷ್ಟರಲ್ಲೇ ಎಲ್ಲ ಕೆಲಸವೂ ಆಗುತ್ತದೆ. ಸಣ್ಣ ಮಕ್ಕಳಿಗಾದರೆ ಕಾಗದದ ಕೊರೆಯಚ್ಚೇ ಸಾಕು. ಸ್ಕ್ರೀನ್ ತೊಳೆಯುವ ಮೊದಲು ಉಳಿದ ಇಂಕನ್ನು ಕೆರೆದು ಡಬ್ಬಿಗೆ ವಾಪಸ್ ಹಾಕುವುದನ್ನು ಮೊದಲ ದಿನವೇ ಅಭ್ಯಾಸ ಮಾಡಿಸಬೇಕು. ಚೌಕಟ್ಟು ತೊಳೆದ ಒಂದು ಬಕೆಟ್ ನೀರಿನ ಬಣ್ಣ ನೋಡಿದ ಮಗುವಿಗೆ ಊರಾಚೆಯ ಕಾಲುವೆಯ ಬಣ್ಣ ಎಲ್ಲಿಂದ ಬಂತೆಂಬುದನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಕನ್ನಡದ ಅಚ್ಚಿನ ಇತಿಹಾಸದಲ್ಲೂ ಬಳ್ಳಾರಿಗೆ ಜಾಗವಿದೆ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಮಂಗಳೂರಿನಲ್ಲಿ ಹೊರಬಂದದ್ದು ಕಲ್ಲಚ್ಚಿನಲ್ಲಿ. ಕೈಯಲ್ಲಿ ಬರೆದ ಅಕ್ಷರವೇ ನೇರವಾಗಿ ಅಚ್ಚಾಗುವ ವಿಧಾನ ಅದು. ಮರುವರ್ಷ ಪತ್ರಿಕೆ ಅಚ್ಚುಮೊಳೆಯ ಸೌಲಭ್ಯವಿದ್ದ ಬಳ್ಳಾರಿಗೆ ಬಂತು. ಮೊಳೆ ಬಂದ ಮೇಲೆ ಅಕ್ಷರ ಅಚ್ಚುಕಟ್ಟಾಯಿತು, ಪ್ರತಿಗಳು ಹೆಚ್ಚಿದವು, ಜೊತೆಗೆ ಬರೆದವರ ಕೈ ಮರೆಯಾಯಿತು. ಈಗಿನ ಫ್ಲೆಕ್ಸ್ ಬ್ಯಾನರುಗಳನ್ನು ನೋಡಿದರೆ ಜಾತ್ರೆಗೂ ಜನ್ಮದಿನಕ್ಕೂ ಶ್ರದ್ಧಾಂಜಲಿಗೂ ಅದೇ ನಾಲ್ಕೈದು ಫಾಂಟುಗಳು. 2016ರ ಮಾರ್ಚ್‌ನಲ್ಲೇ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಚೀಲಗಳ ಜೊತೆಗೆ ಫ್ಲೆಕ್ಸನ್ನೂ ನಿಷೇಧಿಸಿತು. 2022ರ ಜುಲೈ 1ರಿಂದ 100 ಮೈಕ್ರಾನ್‌ಗಿಂತ ತೆಳುವಾದ ಪಿವಿಸಿ ಬ್ಯಾನರುಗಳಿಗೆ ದೇಶದಾದ್ಯಂತ ನಿಷೇಧವಿದೆ. ಕಾಗದದ ಮೇಲೆ, ಬಟ್ಟೆಯ ಮೇಲೆ ಊರಿನವರೇ ಬರೆದು ಅಚ್ಚು ಹಾಕಿದ ಶಾಲಾ ನಾಟಕದ ಪೋಸ್ಟರು, ಗ್ರಾಮಸಭೆಯ ಪ್ರಕಟಣೆ, ಲಸಿಕೆಯ ದಿನದ ಸೂಚನೆ ಗೋಡೆಗೆ ಬಂದರೆ ಕಾನೂನಿಗೂ ಮರ್ಯಾದೆ, ಕನ್ನಡದ ಕೈಬರಹಕ್ಕೂ ಮರ್ಯಾದೆ. ಮೂವತ್ತು ನಲವತ್ತು ಪ್ರತಿಗಳ ಇಂಥ ಕೆಲಸಕ್ಕೆ ಹೇಳಿ ಮಾಡಿಸಿದ ಸಾಧನ ಈ ಚೌಕಟ್ಟು.

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಹಲಕುಂದಿಯಲ್ಲಿ, ಹಾಗೆಯೇ ಕುರುಗೋಡು, ಸಿರುಗುಪ್ಪ ಸೀಮೆಯ ಪಂಚಾಯಿತಿಗಳಲ್ಲಿ ಪುಸ್ತಕ, ಕಂಪ್ಯೂಟರಿನ ಪಕ್ಕದಲ್ಲಿ ಎರಡು ಚೌಕಟ್ಟು, ಎರಡು ಬಗೆಯ ಮೆಶ್, ಒಂದು ಸ್ಕ್ವೀಜಿ, ಕಪ್ಪು ಮತ್ತು ಬಿಳಿ ಇಂಕು ಇರಲಿ. ಕಲಿಸುವುದಕ್ಕೆ ಹೊಸ ಹುದ್ದೆ ಬೇಡ. ಬಳ್ಳಾರಿ ಪೇಟೆಯಲ್ಲಿ ಈ ಕೆಲಸದಲ್ಲೇ ಕೈ ಪಳಗಿಸಿಕೊಂಡವರನ್ನು, ಫ್ಲೆಕ್ಸ್ ಬಂದ ಮೇಲೆ ಕೆಲಸ ಕಡಿಮೆಯಾದವರನ್ನು, ತಿಂಗಳಿಗೆರಡು ಶನಿವಾರ ಗೌರವಧನ ಕೊಟ್ಟು ಕರೆಸಿ. ಪಂಚಾಯಿತಿ ಸದಸ್ಯರು, ಪಿಡಿಒಗಳು, ಪ್ರೌಢಶಾಲೆಯ ಎಸ್‌ಡಿಎಂಸಿಯವರು ಮುಂದಿನ ವರ್ಷದ ಕ್ರಿಯಾಯೋಜನೆ ಬರೆಯುವಾಗ ಇದಕ್ಕೊಂದು ಸಾಲು ಸೇರಿಸಲಿ. ಮೊದಲ ಆರ್ಡರನ್ನು ಪಂಚಾಯಿತಿಯೇ ಕೊಡಲಿ: ಮುಂದಿನ ಗ್ರಾಮಸಭೆಯ ಪೋಸ್ಟರನ್ನು ಮಕ್ಕಳು ಬರೆದು, ಅಚ್ಚು ಹಾಕಿ, ಊರ ಗೋಡೆಗಳಿಗೆ ಹಚ್ಚಲಿ.